ಗೋಲುಕಂಬ ಕಿತ್ತ ಮೈದಾನ

ಬಳ್ಳಾರಿ, 9 ಫೆಬ್ರವರಿ 2025, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಾನು ಹಾಕಿ ಕಲಿತ ಮೈದಾನವನ್ನು ಹೊಸದು ಮಾಡಿದ್ದೇವೆ, ಭಾರತಕ್ಕೆ ಆಡಿದವರೇ ಉದ್ಘಾಟಿಸಬೇಕು ಎಂದು ಮೈದಾನ ಸಮಿತಿಯವರು ಕರೆದಿದ್ದರು. ಹೋಗಿ ನೋಡಿದರೆ ನಟ್ಟನಡುವೆ ಕ್ರಿಕೆಟ್ ಪಿಚ್. ನಮ್ಮ ಗೋಲುಕಂಬಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು.

"ಹುಡುಗಿಯರು ಹಾಕಿ ಎಲ್ಲಿ ಆಡಬೇಕು?" ಎಂದು ಕೇಳಿದೆ.

"ಅದನ್ನ ಆಮ್ಯಾಲ ನೋಡೋಣ್ರಿ ಮೇಡಂ. ಮಂದಿ ಬಿಸಿಲಾಗ ಕುಂತಾರ, ಮೊದ್ಲು ರಿಬ್ಬನ್ ಕಟ್ ಮಾಡ್ರಿ," ಎಂದು ಸಮಿತಿಯ ದೊಡ್ಡಬಸವರಾಜ ನಕ್ಕರು.

ಕತ್ತರಿಸಿದೆ. ಶಾಲು ಹೊದ್ದು ಫೋಟೊಗೂ ನಿಂತೆ. ಪೆನಾಲ್ಟಿ ಕಾರ್ನರ್‌ನಲ್ಲಿ ಹಾರಿಬರುವ ಚೆಂಡಿಗೇ ಎದುರಾಗಿ ಓಡುತ್ತಿದ್ದವಳು ನಾನು. ಮೊಣಕಾಲಿನ ಗಾಯದ ಗುರುತು ಇನ್ನೂ ಇದೆ. ಇವತ್ತು ಒಂದು "ಇಲ್ಲ" ಹೇಳಲು ಆಗಲಿಲ್ಲವೇಕೆ? ಕಾನ್ವೆಂಟ್ ಕಲಿಸಿದ ಸಭ್ಯತೆಯೇ? ಅಥವಾ ಶಾಲಿನ ಆಸೆಯೇ?

ಕುರುಗೋಡಿನಿಂದ ದಿನವೂ ಮೊದಲ ಬಸ್ಸಿಗೆ ಬಂದು ಅಭ್ಯಾಸ ಮಾಡುವ ಚೈತ್ರಾ ಗೇಟಿನ ಬಳಿ ಸ್ಟಿಕ್ ಹಿಡಿದು ನಿಂತಿದ್ದಳು. ಮುಂದಿನ ತಿಂಗಳು ಅವಳಿಗೆ ರಾಜ್ಯ ತಂಡದ ಆಯ್ಕೆ ಇದೆ.

"ನಾಳೆಯೇ ಜಿಲ್ಲಾಧಿಕಾರಿಗೆ ಬರೀತೀನಿ ಕಣಮ್ಮ," ಎಂದೆ.

ಅವಳಿಗೆ ಸಿಟ್ಟೂ ಇರಲಿಲ್ಲ.

"ಬರೀರಿ ಮೇಡಂ. ಆದ್ರ ಕತ್ರಿ ನಿಮ್ಮ ಕೈಯಾಗ ಇತ್ತಲ್ರಿ."