ಗಂಟಿಲ್ಲದ ಮುದ್ದೆ

ಶೀಬಾ,

ಗೆದ್ದವಳು ನೀನು ಕಣೇ, ಆದರೆ ಸೋತವಳು ನಾನಲ್ಲ!

ನಾವು ಜೊತೆಯಾಗಿ ಬಿಡಿಸುತ್ತಿದ್ದ ಗಣಿತದ ಸಮಸ್ಯೆಯಲ್ಲಿ, ಮೇಲ್ಮೈಯ ಚೂಪು ಬಿಂದುವಿಗೆ ನಾವಿಬ್ಬರೂ 'ಗಂಟು' ಅಂತಲೇ ಹೆಸರಿಟ್ಟಿದ್ದೆವಲ್ಲ? ಅದನ್ನು ನುಣುಪಾಗಿಸಲು ಅನಂತ ಶ್ರೇಣಿ ಸಾಕು ಅಂತ ನೀನು, ಕೊನೆಯಿರುವ ಬಹುಪದೋಕ್ತಿಯೇ ಬೇಕು ಅಂತ ನಾನು, ಎಷ್ಟು ಜಗಳ! ಇವತ್ತು ತೋವಿನಕೆರೆಯ ಮನೆಯಲ್ಲಿ ಉಣ್ಣುತ್ತಾ ಕೂತಾಗ ಹೊಳೆಯಿತು. ನಿನ್ನ ಶ್ರೇಣಿಯನ್ನು ಸಾಕಷ್ಟು ದೂರ ಹೋಗಿ ಕತ್ತರಿಸಿದರೆ ಉಳಿಯುವುದೇ ನನ್ನ ಬಹುಪದೋಕ್ತಿ. ನಿನ್ನ ದಾರಿ ಇದ್ದರೆ ನನ್ನದೂ ಇದ್ದೇ ಇದೆ.

"ಗಂಟು ಹೋಯ್ತು!" ಅಂತ ತುತ್ತು ಹಿಡಿದೇ ಕೂಗಿದೆ.

ಅಮ್ಮ ಮುದ್ದೆ ಕೋಲಿನ ಸಮೇತ ಬಂದಳು. "ಲೇ ಶಶಿ, ನನ್ ಮುದ್ದೇಲಿ ಗಂಟು ಯಾವಾಗಿತ್ತೇ?"

ಗಣಿತದ ಗಂಟು ಅಂದರೂ ಕೇಳಲಿಲ್ಲ. "ಸಿರಾದಿಂದ ಆ ಶೀಬಾ ಬರ್ಲಿ ಬುಡು. ನನ್ ಮುದ್ದೆ ಹೆಂಗಿರ್ತೈತೆ ಅಂತ ಅವ್ಳೇ ಹೇಳ್ತಾಳೆ!"

ನಾವು ಮಾತು ಬಿಟ್ಟಿರುವುದನ್ನು ಅಮ್ಮನಿಗೆ ನಾನಿನ್ನೂ ಹೇಳಿಲ್ಲ.