ತಕ್ಕಡಿ ಸಾಹೇಬರಿಗೆ ತಂಗಿಯ ಉತ್ತರ

ಶುಕ್ರವಾರ, ಮಧ್ಯಾಹ್ನ
ಲಾಂಡ್ರಿಯ ಹಿತ್ತಿಲು

ತಕ್ಕಡಿ ಸಾಹೇಬರಾದ ನನ್ನ ಅಣ್ಣನಿಗೆ,

ನಮಸ್ಕಾರ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ. ಕ್ಷೇಮವೇ ಎಂದು ಕೇಳಬೇಕು. ನೀನು ಯಾವಾಗಲೂ ಕ್ಷೇಮ, ಕೆಡುವುದೆಲ್ಲ ನಿನ್ನ ಸುತ್ತ ಇರುವವರದು.

ನಿನ್ನ ಕಾಗದ ನಿನ್ನೆ ಬಂತು. ಇಷ್ಟು ವರ್ಷಗಳ ಮೇಲೆ ಬರೆದರೂ ಲಕೋಟೆಯ ಮೇಲೆ ನನ್ನ ಹೆಸರು ಹಾಕಲು ನಿನಗೆ ಕೈ ಬರಲಿಲ್ಲ. ‘ಲಾಂಡ್ರಿಯ ಮಾಲೀಕರು ಸಂಬಂಧಪಟ್ಟವರಿಗೆ ತಲುಪಿಸತಕ್ಕದ್ದು’ ಎಂದಿದ್ದೀಯ. ಯಾವುದೋ ಕಚೇರಿಯ ನೋಟೀಸು ಬಂತೆಂದು ಇಲ್ಲಿ ಎಲ್ಲರೂ ಹೌಹಾರಿದರು. ಒಳಗೆ ನೋಡಿದರೆ ಪ್ರೀತಿ! ಅತ್ತಿಗೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳಂತೆ. ಮನೆ ಬಿಕೋ ಎನ್ನುತ್ತಿದೆಯಂತೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೀಯಂತೆ. ಆದದ್ದನ್ನೆಲ್ಲ ಮರೆತು ನಾನು ಬಂದುಬಿಡಬೇಕಂತೆ, ಎಷ್ಟಾದರೂ ನಾನು ನಿಮ್ಮವಳಂತೆ. ಬೇಯಿಸಿ ಹಾಕುವವರಿಲ್ಲದೆ ಹೊಟ್ಟೆ ತಾಳ ಹಾಕುವಾಗ ಒಡಹುಟ್ಟಿದವರು ನೆನಪಾಗುವುದು ಸಹಜ. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ.

ಮರೆಯಬೇಕಾದದ್ದು ಏನೆಂದು ನೀನು ಬರೆದಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ನನಗೆ ಹದಿನಾರು ತುಂಬುವ ಹೊತ್ತಿಗೆ ನನ್ನ ಕಾಲು ನೆಲ ಬಿಡತೊಡಗಿತು. ಮೊದಲು ಒಂದು ಬೆರಳಿನಷ್ಟು, ಆಮೇಲೆ ಮೊಣಕಾಲೆತ್ತರ, ಕೊನೆಗೆ ಏನನ್ನಾದರೂ ಹಿಡಿದುಕೊಳ್ಳದಿದ್ದರೆ ಸೂರಿಗೇ. ನೀನಾದರೋ ತೂಕ ಅಳತೆ ಇಲಾಖೆಯ ಅಧಿಕಾರಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವವನು. ಊರವರಿಂದೆಲ್ಲ ತೂಕದ ಮನುಷ್ಯ ಎಂದು ಹೊಗಳಿಸಿಕೊಳ್ಳುವವನು. ಅಂಥವನ ತಂಗಿಗೆ ತೂಕವೇ ಇಲ್ಲ ಎಂದರೆ ಜನ ಏನೆಂದಾರು! ಅದಕ್ಕೆ ಕಚೇರಿಯಲ್ಲಿ ರದ್ದಾದ ಸೀಸದ ತೂಕದ ಬಟ್ಟುಗಳನ್ನು ತಂದು ನನ್ನ ಲಂಗದ ಅಂಚಿಗೆ ಹೊಲಿಸಿದೆ. ಹೊಲಿದವಳು ಅತ್ತಿಗೆ. ಆಗಷ್ಟೇ ಮದುವೆಯಾಗಿ ಬಂದಿದ್ದಳು, ತಲೆ ಎತ್ತುತ್ತಿರಲಿಲ್ಲ.

ನಿನ್ನ ಮೇಲಧಿಕಾರಿ ಚಹಾಕ್ಕೆ ಬಂದ ದಿನ ನನ್ನನ್ನು ಉಗ್ರಾಣದಲ್ಲಿ ಕೂರಿಸಿ, ತೊಡೆಯ ಮೇಲೆ ಕಬ್ಬಿಣದ ಪೆಟ್ಟಿಗೆ ಇಟ್ಟು ಬಾಗಿಲು ಎಳೆದುಕೊಂಡೆ. ತೊಡೆ ಮರಗಟ್ಟಿ ನಾನು ಪೆಟ್ಟಿಗೆಯನ್ನು ಸರಿಸಿದೆ. ಅಂಚಿನ ಹೊಲಿಗೆ ಬಿಚ್ಚಿಕೊಂಡು ಸೀಸವೆಲ್ಲ ಉದುರಿತು. ಬಾಗಿಲ ಮೇಲಿನ ಗವಾಕ್ಷಿಯಿಂದ ನಾನು ತೇಲಿಕೊಂಡು ನಡುಮನೆಗೇ ಬಂದೆ. ಆ ಮಹಾಶಯ ಬಸಿಯಿಂದ ಚಹಾ ಹೀರುತ್ತಾ ಮೇಲೆ ನೋಡಿ, “ಇದ್ಯಾರ್ರೀ, ನಿಮ್ ಮನೆಯವರಾ?” ಎಂದು ಕೇಳಿದ. ನೀನು ಬಿಸ್ಕತ್ತಿನ ತಟ್ಟೆಯನ್ನು ಅವನತ್ತ ಸರಿಸುತ್ತಾ, “ಅಯ್ಯೋ ಅಲ್ಲ ಸರ್, ನಮ್ಮೋರಲ್ಲ. ಎಲ್ಲಿಂದಾನೋ ಬಂದು ಸೇರ್ಕೊಂಡಿದೆ” ಎಂದೆ. ‘ಸೇರ್ಕೊಂಡಿದಾಳೆ’ ಕೂಡ ಅಲ್ಲ, ಅಣ್ಣಾ. ‘ಸೇರ್ಕೊಂಡಿದೆ’. ಹಲ್ಲಿಗೆ ಹೇಳುವ ಹಾಗೆ. ಮರುದಿನ ಬೆಳಿಗ್ಗೆ ನನ್ನ ಚೀಲ ಬಾಗಿಲಾಚೆ ಇತ್ತು.

ಬೀದಿಯ ಕಂಬಿಗಳನ್ನು ಹಿಡಿದು ಹಿಡಿದು ನಡೆದೆ. ತಿರುವಿನಲ್ಲಿ ಗಾಳಿ ಎತ್ತಿಕೊಂಡುಹೋಗಿ ಒಂದು ಲಾಂಡ್ರಿಯ ಬೋರ್ಡಿಗೆ ಸಿಕ್ಕಿಸಿತು. ಕೆಳಗೆ ಮಾಲೀಕಳು ಅಂಗಿ ಇಸ್ತ್ರಿ ಮಾಡುತ್ತಿದ್ದಳು, ಬರಿಗೈಯಲ್ಲಿ. ಅವಳ ಅಂಗೈ ಹುಟ್ಟಿದಾಗಿನಿಂದ ಕೆಂಡ. ಅದಕ್ಕೇ ಅವಳು ಕೆಂಡಮ್ಮ. ಕತ್ತೆತ್ತಿ ನೋಡಿದಳು. “ಇಳೀತೀಯೋ, ಅಲ್ಲೇ ಸಂಸಾರ ಹೂಡ್ತೀಯೋ?” ಎಂದು ಕೇಳಿದಳು. ಇಳಿಯಲು ಬರುವುದಿಲ್ಲ ಎಂದೆ. ಗಳ ತಂದು ಎಳೆದಳು. ನಾನು ಯಾರವಳು, ಏಕೆ ಹೀಗೆ, ಇದಕ್ಕೆ ಔಷಧವಿಲ್ಲವೇ, ಒಂದನ್ನೂ ಕೇಳಲಿಲ್ಲ. ಊಟ ಆಗಿದೆಯಾ ಎಂದು ಕೇಳಿದಳು, ಅಷ್ಟೆ.

ಇಲ್ಲಿನವರು ದೇವತೆಗಳು ಎಂದು ತಿಳಿಯಬೇಡ. ಕೆಂಡಮ್ಮನ ಬಾಯಿ ಅವಳ ಕೈಗಿಂತ ಸುಡುತ್ತದೆ. ಬಟ್ಟೆ ಒಗೆಯುವ ಮೀನಣ್ಣನಿಗೆ ಕಿವಿಯ ಹಿಂದೆ ಕಿವಿರು. ದಿನವಿಡೀ ತೊಟ್ಟಿಯಲ್ಲೇ ಇರುತ್ತಾನೆ, ನೀರೊಳಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಾನೆ, ಗುಳ್ಳೆ ಏಳುತ್ತವೆ. ಅವನಷ್ಟು ಸೋಮಾರಿಯನ್ನು ನಾನು ಕಂಡಿಲ್ಲ. ಆದರೂ ನಾನು ಜ್ವರ ಹಿಡಿದು ಸೂರಿಗೆ ಅಂಟಿಕೊಂಡು ಬಿದ್ದಿದ್ದಾಗ ಅವರಿಬ್ಬರೂ ಸರದಿಯ ಮೇಲೆ ಏಣಿ ಹತ್ತಿ ಗಂಜಿ ಕುಡಿಸಿದರು. ನಾನು ಎತ್ತರದ ತಂತಿಗೆ ಬಟ್ಟೆ ಹರವಬಲ್ಲೆ ಎಂದು ಅವರಿಗೆ ತಿಳಿದದ್ದು ಆಮೇಲೆ.

ಈಗ ನೀನು ಮುಚ್ಚಿಟ್ಟ ವಿಷಯಕ್ಕೆ ಬರುತ್ತೇನೆ. ಅತ್ತಿಗೆ ತವರಿಗೆ ಹೋಗಿಲ್ಲ. ನಿನ್ನ ಕಾಗದಕ್ಕಿಂತ ಒಂದು ವಾರ ಮೊದಲೇ ಇಲ್ಲಿಗೆ ಬಂದಳು, ಎದೆಗೆ ಶಾಲು ಬಿಗಿದುಕೊಂಡು. ಶಾಲು ಬಿಚ್ಚಿದರೆ ಮಗು ಮೆಲ್ಲಗೆ ಮೇಲೆದ್ದಿತು. ಇನ್ನೂ ಹಲ್ಲು ಸರಿಯಾಗಿ ಮೂಡಿಲ್ಲ, ಅದರ ಹೆಗಲ ಪಟ್ಟಿಗೂ ನೀನು ಸೀಸ ಹೊಲಿಸಿದ್ದೆಯಂತೆ. ಆ ಹೆಗಲುಗಳನ್ನು ನೋಡಿದೆ, ಅಣ್ಣಾ. ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕಿತ್ತು ಬಂದಿದೆ. ತಕ್ಕಡಿಯಲ್ಲಿ ಒಂದು ಕಾಳು ಹೆಚ್ಚುಕಮ್ಮಿಯಾದರೆ ಅಂಗಡಿ ಮುಚ್ಚಿಸುವ ಧರ್ಮಿಷ್ಠ ನೀನು!

ಆದರೂ ನಿಜ ಹೇಳುತ್ತೇನೆ, ಅತ್ತಿಗೆಯನ್ನು ಕಂಡು ನನಗೆ ಕರುಳು ಚುರುಕ್ ಎನ್ನಲಿಲ್ಲ. ಮೈ ಉರಿಯಿತು. ಮಗು ಇರಲಿ, ಇವಳು ಬೇಡ ಎಂದೆ. ಇವಳೇ ನನ್ನ ಅಂಚು ಹೊಲಿದವಳು, ಇವಳ ಕಾಲು ಗಟ್ಟಿಯಾಗಿ ನೆಲದ ಮೇಲಿದೆ, ಇವಳಿಗೇಕೆ ಇಲ್ಲಿ ಜಾಗ? ಅತ್ತಿಗೆ ಹಿಂದೆ ಸರಿದು ಹೊಸಿಲಾಚೆ ನಿಂತಳು. ಕೆಂಡಮ್ಮ ಇಸ್ತ್ರಿ ನಿಲ್ಲಿಸದೆ, “ಕಾಲು ನೆಲದ ಮೇಲಿರೋದೇ ಒಂದು ತಪ್ಪಾ? ಸರಿ ಹೋಯ್ತು! ನೀನೂ ನಿಮ್ಮಣ್ಣನ ಥರಾನೇ ಮಾತಾಡ್ತೀಯಲ್ಲೇ!” ಎಂದಳು.

ನಿನಗೆ ಹೋಲಿಸಿದಳು! ಅದಕ್ಕಿಂತ ಕೆಟ್ಟ ಬೈಗುಳ ಈ ಲಾಂಡ್ರಿಯಲ್ಲಿ ಇಲ್ಲ. ತಂತಿಯ ಮೇಲೆ ಹೋಗಿ ಕೂತೆ. ಅತ್ತಿಗೆ ಉಳಿದಳು. ಕೆಲಸದಲ್ಲಿ ಶೂನ್ಯ. ಕೆಂಪು ಟವೆಲ್ಲನ್ನು ಬಿಳಿ ಅಂಗಿಗಳ ಜೊತೆ ನೆನೆಸಿ ಅಷ್ಟನ್ನೂ ಗುಲಾಬಿ ಮಾಡಿದಳು. ನಾನು ಮಾತಾಡಿಸಲಿಲ್ಲ.

ಮೊನ್ನೆ ಬೆಳಿಗ್ಗೆ ಹಿತ್ತಿಲಲ್ಲಿ ಮಗುವಿನ ಸೊಂಟಕ್ಕೆ ಕಟ್ಟಿದ್ದ ಹಗ್ಗದ ಗಂಟು ಸಡಿಲವಾಯಿತು. ಅತ್ತಿಗೆಯ ಕಿರುಚು ಕೇಳಿ ನೋಡುವಷ್ಟರಲ್ಲಿ ಮಗು ಮನೆಯ ಮಾಡು ದಾಟಿತ್ತು, ಕೇಕೆ ಹಾಕುತ್ತಿತ್ತು. ನಾನು ಹಿಡಿದ ತಂತಿಯನ್ನು ಬಿಟ್ಟೆ. ಇಷ್ಟು ವರ್ಷದಲ್ಲಿ ಎಂದೂ ಬಿಟ್ಟವಳಲ್ಲ. ಹೊಗೆಗೂಡಿಗಿಂತ ಮೇಲೆ ಹೋಗಿ ಅದರ ಪಾದ ಹಿಡಿದೆ, ಎದೆಗೆ ಅವುಚಿಕೊಂಡೆ. ಆಮೇಲೆ ತಿಳಿಯಿತು, ಇಳಿಯುವ ದಾರಿಯಿಲ್ಲ. ಬೀದಿ ಸಣ್ಣದಾಗುತ್ತಿತ್ತು. ಗಾಳಿ ನದಿಯ ಕಡೆಗೆ ನೂಕುತ್ತಿತ್ತು.

ಆಗ ನಿನ್ನ ಹೆಂಡತಿ, ಯಾರಿಗೂ ಎದುರಾಡದವಳು, ಒದ್ದೆ ಹಾಸಿಗೆ ಬಟ್ಟೆಗಳನ್ನು ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಗೆ ಸೋಪಿನ ಗಟ್ಟಿ ಕಟ್ಟಿ, ದಡದಡನೆ ಏಣಿ ಹತ್ತಿ ಮಾಡಿನ ತುದಿಗೆ ಓಡಿಬಂದು ಎಸೆದಳು. ಮೊದಲ ಸಲ ಸಿಗಲಿಲ್ಲ, ಎರಡನೆಯ ಸಲ ನನ್ನ ಮೂಗಿಗೇ ಬಡಿಯಿತು. ಹಿಡಿದುಕೊಂಡೆ. ಗಾಳಿಯ ಸೆಳೆತಕ್ಕೆ ಅವಳೂ ಜಾರತೊಡಗಿದಳು. ತೊಟ್ಟಿಯಿಂದ ಸುಲಭಕ್ಕೆ ಏಳದ ಮೀನಣ್ಣ ಏಣಿ ಹತ್ತಿ ಬಂದು, ಉಸಿರು ಕಟ್ಟಿ ಬಾಯಿ ಬಾಯಿ ಬಿಡುತ್ತಾ ಅವಳ ಸೊಂಟ ಹಿಡಿದು ಕೂತ. ಕೆಂಡಮ್ಮ ಬಿಗಿಯಾಗಿ ಹಿಡಿದರೆ ಬಟ್ಟೆ ಸುಟ್ಟು ತುಂಡಾಗುತ್ತದೆ, ಪಾಪ, ಕೈ ಹಿಂದೆ ಕಟ್ಟಿಕೊಂಡು ಕೆಳಗೆ ನಿಂತು, “ಎಳೀರೋ, ನಿಮ್ ಕೈ ಬಿದ್ದೋಗಾ, ಎಳೀರೋ!” ಎಂದು ಬೈಯುತ್ತಾ ಅಳುತ್ತಿದ್ದಳು. ಎಳೆದರು. ಅತ್ತಿಗೆಯದು ನೆಲ ಬಿಡದ ಕಾಲಾದ್ದರಿಂದ ನಾವು ಬದುಕಿದೆವು.

ಅಂದಿನಿಂದ ಅವಳ ಹಾಸಿಗೆ ನನ್ನ ಕೋಣೆಯಲ್ಲಿದೆ. ನಾನು ಮೇಲೆ, ಅವಳು ಕೆಳಗೆ, ನಡುವೆ ತೊಟ್ಟಿಲು. ಅಂಚು ಹೊಲಿದದ್ದಕ್ಕೆ ಕ್ಷಮೆ ಕೇಳಲು ಹೊರಟಳು. ಮೊದಲು ಅಂಗಿಗಳ ಗುಲಾಬಿ ಬಣ್ಣ ತೆಗೆ, ಆಮೇಲೆ ನೋಡೋಣ ಎಂದೆ. ನಕ್ಕಳು. ಅವಳಿಗೆ ನಗು ಬರುತ್ತದೆಂದು ನಿನಗೆ ಗೊತ್ತಿತ್ತೇ?

ಹಾಗಾಗಿ ನಾನು ಬರುವುದಿಲ್ಲ. ಅವರೂ ಬರುವುದಿಲ್ಲ. ಪೋಲೀಸರಿಗೆ ದೂರು ಕೊಡುವುದಾದರೆ ಧಾರಾಳವಾಗಿ ಕೊಡು. ಆದರೆ ಮಗಳು ಹೇಗಿದ್ದಾಳೆ ಎಂದು ಅವರು ಕೇಳಿದಾಗ ಹಾರುತ್ತಾಳೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಅಷ್ಟು ಎದೆಗಾರಿಕೆ ನಿನ್ನಲ್ಲಿ ಎಂದೂ ಇರಲಿಲ್ಲ. ಸುಣ್ಣ ಹೊಡೆದ ಕೋಣೆಯಲ್ಲಿ ನೀನೇ ಮಲಗು.

ಇಂತು,
ನಿನಗೆ ಹೆಸರು ಬರೆಯಲಾಗದ
ತಂಗಿ

ತಾ.ಕ.: ಕಾಗದ ಮಡಿಸುವಾಗ ಅತ್ತಿಗೆ ತಡೆದಳು. ಇಷ್ಟು ದಿನ ನೀನು ಹಾಕಿದ ಆಣೆಗೆ ಕಟ್ಟುಬಿದ್ದು ಮುಚ್ಚಿಟ್ಟಿದ್ದನ್ನು ಹೇಳಿದಳು. ನೀನು ಪ್ರತಿ ರಾತ್ರಿ ಮಲಗುವ ಮೊದಲು ನಿನ್ನ ಕಾಲುಗಳನ್ನು ಮಂಚಕ್ಕೆ ಬಿಗಿದುಕೊಳ್ಳುತ್ತೀಯಂತೆ. ಬೂಟಿನ ಅಟ್ಟೆಯಲ್ಲಿ ಸೀಸವಂತೆ. ಮದುವೆಗೆ ಮೊದಲಿನಿಂದಲೂ, ಅಂದರೆ ನನ್ನ ಕಾಲು ನೆಲ ಬಿಡುವ ಮುಂಚೆಯೇ ನಿನ್ನದು ಬಿಟ್ಟಿತ್ತು. ಕೇಳಿ ಬಿದ್ದು ಬಿದ್ದು ನಕ್ಕೆ, ಆಮೇಲೆ ನಗಲಾಗಲಿಲ್ಲ. ಹೇಡಿ, ಒಂದು ದಿನ, ಒಂದೇ ಒಂದು ದಿನ ನನಗೆ ಹೇಳಬಾರದಿತ್ತೇ? ಕೆಂಡಮ್ಮನಿಗೂ ತಿಳಿಸಿದೆ. “ಅದಕ್ಯಾಕೆ ಇಷ್ಟುದ್ದ ಬರೀತಿದೀಯ, ಬರಕ್ಕೆ ಹೇಳು” ಎಂದಳು. ನಾನಾದರೆ ಹೇಳುತ್ತಿರಲಿಲ್ಲ, ಆದರೆ ಮನೆ ಅವಳದು. ಬೆಳಿಗ್ಗೆ ಬಾ, ಆಗ ಗಾಳಿ ಕಡಿಮೆ. ಬೂಟು ಹೊರಗೆ ಬಿಚ್ಚಬೇಕು. ಮಗುವಿನ ಹೆಗಲಿಗೆ ದಿನಕ್ಕೆರಡು ಸಲ ಎಣ್ಣೆ ಹಚ್ಚುವ ಕೆಲಸ ನಿನ್ನದು, ಅತ್ತಿಗೆ ಒಪ್ಪಿದರೆ. ಒಪ್ಪುವ ತನಕ ಹಿತ್ತಿಲ ತಂತಿ ಹಿಡಿದುಕೊಂಡು ಕಾದಿರು. ಹೇಗೆ ಹಿಡಿಯಬೇಕೆಂದು ತೋರಿಸುತ್ತೇನೆ.