‘ಮಮ್ಮೀ, ಆಂಟಿಗೆ ಸಾರಿ ಹೇಳು’

ಮಾದಾಪುರ, ಹೈದರಾಬಾದ್
2 ಫೆಬ್ರವರಿ 2025

ನನ್ನ ಮುದ್ದಿನ ಪೂರ್ವಿ ಅಕ್ಕ,

ಬೈಯಬೇಡ! ಮದುವೆಯಾಗಿ ಬಂದವಳು ಒಂದು ಪತ್ರವನ್ನೂ ಬರೆಯಲಿಲ್ಲ, ನಿಜ. ತರುಣ್ ಎಷ್ಟು ಒಳ್ಳೆಯವನು ಗೊತ್ತಾ? ಅವನು ಸೀಯಿಸಿದ ಉಪ್ಪಿಟ್ಟನ್ನೂ ಎರಡು ಸಲ ಬಡಿಸಿಕೊಂಡು ತಿಂದೆ! ಫೋನಿನಲ್ಲಾದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಸೇರಿಸಿ ಆಡಿಸುತ್ತೇನೆ ಅಂದಿದ್ದೆನಲ್ಲ? ನಮ್ಮ ಫ್ಲ್ಯಾಟುಗಳ ಮಕ್ಕಳು, ಪಕ್ಕದ ಕಟ್ಟಡದ ಕೆಲಸಕ್ಕೆ ಯಾದಗಿರಿಯಿಂದ ಬಂದವರ ಮಕ್ಕಳು, ಎಲ್ಲ ಒಟ್ಟಿಗೆ. ಯಾದಗಿರಿಯವರ ಶಿವಗಂಗಾ ಮೊದಮೊದಲು ಯಾರೊಡನೆಯೂ ಮಾತಾಡದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಈಗ ಕೇರಂ ಆಟಕ್ಕೆ ಅವಳೇ ಯಜಮಾನಿ! ಅವಳ ತಾಯಿ ಗದಿಗೆಮ್ಮ ಗೇಟಿನ ಹತ್ತಿರ ನನ್ನನ್ನು ಹಿಡಿದು, “ಏನ್ ಕಲಿಸೀರಿ ಮೇಡಂ? ಮನ್ಯಾಗ ನನಗೇ ಪಾಳಿ ಹಚ್ಚಾಕತ್ತಾಳ್ರಿ. ‘ನೀ ಸುಮ್ನಿರು ಯವ್ವಾ, ಈಗ ತಮ್ಮ ಮಾತಾಡ್ಲಿ’ ಅಂತಾಳ!” ಎಂದು ನಕ್ಕಳು.

ಮೂರನೇ ಮಹಡಿಯ ಋಷಭ್ ಸೋತರೆ ಬೋರ್ಡನ್ನೇ ಮಗುಚುತ್ತಿದ್ದ. ನಮ್ಮಲ್ಲಿ ಇರುವುದು ಒಂದೇ ನಿಯಮ: ಯಾರನ್ನು ನೋಯಿಸಿದರೂ ಅವರ ಮುಖ ನೋಡಿ ಕ್ಷಮೆ ಕೇಳಬೇಕು. ಶಿವಗಂಗಾ ಬಿಡುತ್ತಾಳಾ? “ಹೇಳಪಾ, ನಾವೇನ್ ನಿನ್ನ ತಿನ್ನಂಗಿಲ್ಲ” ಎಂದು ಹೇಳಿಸಿಯೇ ಬಿಟ್ಟಳು. ಅವನು ಕಲಿತ. ಮೊನ್ನೆ ಮನೆಯಲ್ಲಿ ಅವನ ಅಮ್ಮ ಕೆಲಸದವಳಿಗೆ ಬೈದಾಗ, “ಮಮ್ಮೀ, ಆಂಟಿಗೆ ಸಾರಿ ಹೇಳು” ಅಂದನಂತೆ. ಅದೂ ನೆಂಟರೆದುರು!

ಅಲ್ಲಿಗೆ ಮುಗಿಯಿತು, ಅಕ್ಕ. ಇಂದು ಬೆಳಿಗ್ಗೆ ಅವನ ಅಮ್ಮ ಫ್ಲ್ಯಾಟ್ ಮಾಲೀಕರ ಸಭೆ ಕರೆಸಿದರು. “ಆ ಮಕ್ಕಳ ಸಹವಾಸದಿಂದ ನನ್ನ ಮಗ ನನಗೇ ಬುದ್ಧಿ ಹೇಳ್ತಾನೆ” ಎಂದರು. ಹೊರಗಿನ ಮಕ್ಕಳಿಗೆ ನಾಳೆಯಿಂದ ಗೇಟು ತೆರೆಯುವುದಿಲ್ಲ. ನಾಳೆ ಶಿವಗಂಗಾ ತಮ್ಮನನ್ನು ಎತ್ತಿಕೊಂಡು ಗೇಟಿನ ಹೊರಗೆ ಬಂದು ನಿಲ್ಲುತ್ತಾಳೆ. ನಾನು ಏನು ಹೇಳಲಿ? ಮತ್ತೆ ಮಾತು ಬಿಟ್ಟುಬಿಟ್ಟರೆ? ಬೇರೆ ಕೋಣೆಗಾಗಿ ಕಂಡಕಂಡವರನ್ನೆಲ್ಲ ಕೇಳಿದೆ. ಸಿಕ್ಕಿದ್ದು ತಾರ್ನಾಕದಲ್ಲಿ, ಅಷ್ಟು ದೂರ ಈ ಮಕ್ಕಳನ್ನು ಯಾರು ಕಳಿಸುತ್ತಾರೆ? ನನಗೆ ಏನೂ ತೋಚುತ್ತಿಲ್ಲ. ಪತ್ರ ತಲುಪಿದ ಕೂಡಲೇ ಫೋನ್ ಮಾಡು. ಅತ್ತರೆ ಅಳುತ್ತೇನೆ.

ಭಾವನಿಗೆ ನಮಸ್ಕಾರ. ನಿನ್ನ ಪಿಂಕಿಯ ಕೆನ್ನೆಗೆ ನೂರು ಮುತ್ತು. ಯಾರ ಕಣ್ಣೂ ತಾಗದೆ ಅವಳು ಬೆಳೆಯಲಿ.

ನಿನ್ನ
ಹರ್ಷಿತಾ

ತಾ.ಕ.: ಸಭೆಯಲ್ಲಿ ಕೈ ಎತ್ತಿಸಿ ಮತ ಕೇಳಿದರು. ನಮ್ಮ ಫ್ಲ್ಯಾಟ್ ಇರುವುದು ತರುಣ್ ಹೆಸರಿನಲ್ಲಿ, ನನಗೆ ಮತವಿಲ್ಲ. ಗೇಟು ಮುಚ್ಚಲು ಎಲ್ಲರಿಗಿಂತ ಮೊದಲು ಮೇಲೆದ್ದ ಕೈಯಲ್ಲಿ ಮದುವೆಯಲ್ಲಿ ನಮ್ಮಪ್ಪ ಅಳಿಯನಿಗೆ ಹಾಕಿದ ಉಂಗುರವಿತ್ತು. ಮನೆಗೆ ಬಂದವನೇ ನನ್ನನ್ನು ತಬ್ಬಿಕೊಂಡು, “ಇನ್ನು ಸಂಜೆಯೆಲ್ಲ ನಾವಿಬ್ಬರೇ, ಚಿನ್ನ” ಅಂದ. ಅಕ್ಕ, ನಾನು ನಕ್ಕುಬಿಟ್ಟೆ.